ಕಸದ ಗಾಡಿಗಿಂತ ಮುಂಚೆ

ಕಸದ ಗಾಡಿಯ ಹಾಡು ಬೀದಿಯ ತಿರುವಿನಲ್ಲಿ ಕೇಳಿಸಿದಾಗ ಕೆಂಚಪ್ಪ ಮೇಷ್ಟ್ರು ಎರಡು ಕೈಯಲ್ಲಿ ಎರಡು ಬಕೆಟ್ಟು ಹಿಡಿದುಕೊಂಡು ಬಾಗಿಲಿನ ಒಳಗೇ ನಿಂತುಬಿಟ್ಟರು. ಹಸಿರಿನದರಲ್ಲಿ ಹಸಿ ಕಸ, ನೀಲಿಯದರಲ್ಲಿ ಒಣ ಕಸ. ಮೂಡಲಪಾಳ್ಯದ ಆ ಬೀದಿಗೆ ಗಾಡಿ ದಿನಾ ಬೆಳಗ್ಗೆ ಎಂಟಕ್ಕೆ ಸರಿಯಾಗಿ ಬರುತ್ತದೆಂದರೆ ಅದು ಮೇಷ್ಟ್ರ ಹೋರಾಟದ ಫಲ. ಅದಕ್ಕಾಗಿ ಅವರು ಆಫೀಸು ಆಫೀಸು ಅಲೆದಿದ್ದರು. ಒಮ್ಮೆ ಕೊಳೆತ ಕಸದ ಬಕೆಟ್ಟನ್ನೇ ಸಾಹೇಬರ ಮೇಜಿನ ಪಕ್ಕದಲ್ಲಿಟ್ಟು, ತಾವೇ ಕುರ್ಚಿ ಎಳೆದುಕೊಂಡು ಕೂತಿದ್ದರು. ಅಂಥವರು ಈಚೆಗೆ ಆ ಹಾಡು ಕೇಳಿದರೆ ಹೊಸಿಲು ದಾಟುವುದಿಲ್ಲ. ಅಡುಗೆಮನೆಯಿಂದ ಯಶೋದಮ್ಮ ಗಾಡಿ ಬಂತು ಎಂದರು, ಮೇಷ್ಟ್ರು ಹ್ಞೂ ಎಂದರು, ನಿಂತೇ ಇದ್ದರು. ಗಾಡಿ ಅವರ ಗೇಟಿನ ಮುಂದೆ ಒಂದು ಗಳಿಗೆ ಅನುಮಾನದಿಂದ ನಿಂತು, ಮುಂದಿನ ಮನೆಗೆ ಹೋಯಿತು. ಯಶೋದಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ತುಂಬಿದ ಬಕೆಟ್ಟುಗಳನ್ನೂ ಗಂಡನ ಮುಖವನ್ನೂ ನೋಡಿದರು. ಹತ್ತು ಗಂಟೆಗೆ ಜೋಯಿಸರು ಬರುತ್ತಾರೆ, ಅಷ್ಟರೊಳಗೆ ಸರಿಯಾಗಿ ಜ್ಞಾಪಿಸಿಕೊಂಡಿರಿ ಎಂದು ಹೇಳಿ ಮತ್ತೆ ಒಲೆಯ ಕಡೆ ಹೋದರು.

ಜ್ಞಾಪಿಸಿಕೊಳ್ಳುವುದಕ್ಕೆ ಏನಿದೆ. ಮರೆಯುವುದಕ್ಕೆ ಆಗಿದ್ದರೆ ತಾನೇ. ಬಕೆಟ್ಟು ಕೆಳಗಿಟ್ಟು ಮೇಷ್ಟ್ರು ಹಜಾರದ ಕುರ್ಚಿಯಲ್ಲಿ ಕೂತರು. ತಲೆಯ ಮೇಲೆ, ಮಹಡಿಯ ಮನೆಯಲ್ಲಿ, ಹೆಜ್ಜೆಯ ಸದ್ದು. ಬಾಡಿಗೆಗಿದ್ದ ಅಮರೇಶ, ಅವನ ಹೆಂಡತಿ ಭುವನೇಶ್ವರಿ, ಮಗಳು ಕೀರ್ತನಾ ನಿನ್ನೆ ಸಂಜೆ ಊರಿನಿಂದ ವಾಪಸಾಗಿದ್ದರು. ಲಿಂಗಸುಗೂರಿನ ಕಡೆಯವರು. ಅಮರೇಶ ಬೈಕಿನಲ್ಲಿ ಊಟದ ಪೊಟ್ಟಣ ತಲುಪಿಸುವ ಕೆಲಸದವನು. ಊರಲ್ಲಿ ತಾಯಿಯನ್ನು ಮಣ್ಣು ಮಾಡಿ, ದಿನಕರ್ಮ ಮುಗಿಸಿ, ಬರುವಾಗ ಮೇಷ್ಟ್ರಿಗೆಂದು ಒಂದು ಡಬ್ಬಿ ಶೇಂಗಾ ಹೋಳಿಗೆ ತಂದಿದ್ದ. ಡಬ್ಬಿ ಕೊಟ್ಟು, ಮೇಷ್ಟ್ರು ಬೇಡ ಬೇಡವೆಂದು ಹಿಂದೆ ಸರಿಯುತ್ತಿದ್ದರೂ ಬಿಡದೆ, ಕಾಲು ಮುಟ್ಟಿ ನಮಸ್ಕಾರ ಮಾಡಿದ್ದ. ಸ್ವಂತ ಮಗ ಹತ್ತಿರ ಇರಲಿಲ್ಲ, ನೀವು ಮಗನಂತೆ ಅವ್ವನ ಬಾಯಿಗೆ ನೀರು ಬಿಟ್ಟಿರಿ ಎಂದಿದ್ದ. ಆ ಹೋಳಿಗೆಯನ್ನು ಮೇಷ್ಟ್ರು ಇನ್ನೂ ಬಾಯಿಗಿಟ್ಟಿರಲಿಲ್ಲ.

ತಾಯಿ ಹೋದ ದಿನ ಅಮರೇಶ ನಸುಕಿಗೇ ಕೆಲಸಕ್ಕೆ ಹೊರಟಿದ್ದ. ಯಶೋದಮ್ಮ ಕೆಂಗೇರಿ ಉಪನಗರದಲ್ಲಿ ಮಗಳು ರಮ್ಯಳ ಮನೆಯಲ್ಲಿದ್ದರು. ಭುವನೇಶ್ವರಿ ಮಗಳ ಚೀಲ ಹೆಗಲಿಗೇರಿಸಿಕೊಂಡು ಕೆಳಗಿಳಿದು ಬಂದು, ಅತ್ತೆಗೆ ರಾತ್ರಿಯಿಂದ ಮೈ ಸರಿಯಿಲ್ಲ, ಕೂಸನ್ನು ಸ್ಕೂಲಿಗೆ ಬಿಟ್ಟು ಗುಳಿಗೆ ತಂದುಬಿಡುತ್ತೇನೆ, ಅಲ್ಲಿಯವರೆಗೆ ಸ್ವಲ್ಪ ಕೂತಿರುತ್ತೀರಾ ಎಂದು ಕೇಳಿದ್ದಳು. ಮೇಷ್ಟ್ರು ಪೇಪರು ಹಿಡಿದುಕೊಂಡೇ ಮೇಲೆ ಹೋಗಿದ್ದರು. ಮುದುಕಿ ಹಾಲವ್ವ ಮಂಚದ ಮೇಲೆ ಗೋಡೆಗೆ ಒರಗಿಕೊಂಡು, ಇವರನ್ನು ಕಂಡು ಸೆರಗು ತಲೆಯ ಮೇಲೆ ಎಳೆದುಕೊಂಡಿದ್ದಳು. ಮೇಷ್ಟ್ರು ಆರೋಗ್ಯ ವಿಚಾರಿಸಿದ್ದರು, ಉತ್ತರ ಬರುವುದರೊಳಗೆ ಪೇಪರು ಬಿಡಿಸಿದ್ದರು. ಆಮೇಲೆ ಹಾಡು ಕೇಳಿಸಿತು. ದಿನಾ ಹಾಡು ಹಚ್ಚುತ್ತಾರಲ್ಲ, ಯಾರ ಮದುವೆ ಎಂದು ಹಾಲವ್ವ ಕೇಳಿದಳು. ಮದುವೆಯಲ್ಲ ಕಣಮ್ಮ, ಕಸದ ಗಾಡಿ ಎಂದು ಮೇಷ್ಟ್ರು ನಕ್ಕರು. ಕಸಕ್ಕೂ ಹಾಡೇ, ನಿಮ್ಮ ಬೆಂಗಳೂರೇ ಚೆಂದ ಎಂದು ಅವಳೂ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. ಒಂದು ನಿಮಿಷ, ಬಂದೆ ಎಂದು ಮೇಷ್ಟ್ರು ಎದ್ದರು. ಹೋಗಿ ಬರ್ರಿ ಎಂದಳು.

ಒಂದೇ ನಿಮಿಷವಾಗಿದ್ದರೆ ಏನೂ ಇರಲಿಲ್ಲ. ಆದರೆ ಗಾಡಿಯ ಹತ್ತಿರ ಎದುರು ಮನೆಯ ಬಸವಲಿಂಗಪ್ಪನವರು ತೆಂಗಿನ ಚಿಪ್ಪುಗಳನ್ನು ಒಣ ಕಸಕ್ಕೆ ಹಾಕುತ್ತಿದ್ದರು. ಬಸವಲಿಂಗಪ್ಪ ಬಡಾವಣೆಯ ವಿಚಾರ ವೇದಿಕೆಯ ಕಾರ್ಯದರ್ಶಿ, ಮೇಷ್ಟ್ರು ಅಧ್ಯಕ್ಷರು. ಕಾರ್ಯದರ್ಶಿಯೇ ಹೀಗೆ ಮಾಡಿದರೆ ಜನಕ್ಕೆ ಏನೆಂದು ಹೇಳುವುದು. ಚಿಪ್ಪು ನೋಡುವುದಕ್ಕೆ ಒಣಗಿದ್ದರೂ ಮೂಲತಃ ಹಸಿ ಕಸ ಎಂದು ಮೇಷ್ಟ್ರು. ನೀರಿನ ಪಸೆಯಿಲ್ಲದ್ದು ಹೇಗೆ ಹಸಿಯಾಗುತ್ತದೆ ಎಂದು ಬಸವಲಿಂಗಪ್ಪ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ ಬಾಯಿ ಅಷ್ಟಕ್ಕೆ ಸುಮ್ಮನಾಗುತ್ತದೆಯೇ. ಗಾಡಿಯ ಹೆಂಗಸು ಎರಡೂ ಬಕೆಟ್ಟು ಕೊಡವಿ ಹೊರಟುಹೋದ ಮೇಲೂ ಚಿಪ್ಪಿನ ಕೊಳೆಯುವ ಗುಣದ ಬಗ್ಗೆ ಮಾತು ನಡೆದೇ ಇತ್ತು. ಗೆದ್ದೆನೆಂಬ ಸಮಾಧಾನದಲ್ಲಿ ಮೇಷ್ಟ್ರು ಮಹಡಿ ಹತ್ತಿದಾಗ ಹಾಲವ್ವ ಬಾಗಿಲ ಕಡೆಗೇ ನೋಡುತ್ತಿದ್ದಳು. ಗೆದ್ದ ಸುದ್ದಿಯನ್ನು ಅವಳಿಗೆ ಅರ್ಧ ಹೇಳಿಯೂ ಬಿಟ್ಟಿದ್ದರು, ಆಮೇಲೆ ಉಸಿರಿಲ್ಲವೆಂದು ತಿಳಿಯಿತು. ಅವಳ ಕಣ್ಣು ಮುಚ್ಚಿದರು. ಆಗಲೇ ಭುವನೇಶ್ವರಿ ಮೆಟ್ಟಿಲು ಹತ್ತಿ ಬಂದಳು. ಅವಳು ಏನಾದರೂ ಕೇಳುವ ಮೊದಲೇ ಮೇಷ್ಟ್ರ ಬಾಯಿ ತಾನಾಗಿ, ನನ್ನ ಕೈಯಲ್ಲೇ ನೀರು ಕುಡಿದು ಹೋದರಮ್ಮ ಎಂದುಬಿಟ್ಟಿತು. ಮಂಚದ ಪಕ್ಕದ ಸ್ಟೂಲಿನ ಮೇಲೆ ಲೋಟದ ತುಂಬ ನೀರು ಹಾಗೇ ಇತ್ತು. ಭುವನೇಶ್ವರಿ ಅತ್ತೆಯ ಮೇಲೆ ಬಿದ್ದು ಅಳುತ್ತಿರುವಾಗ, ಅದನ್ನು ಎಲ್ಲಿ ಚೆಲ್ಲುವುದೋ ತೋಚದೆ ಮೇಷ್ಟ್ರು ತಾವೇ ಗಟಗಟನೆ ಕುಡಿದು ಲೋಟ ಕೆಳಗಿಟ್ಟಿದ್ದರು.

ಅಷ್ಟರಲ್ಲೇ ಮುಗಿದಿದ್ದರೆ ಆ ಸುಳ್ಳನ್ನು ಒಳ್ಳೆಯ ಸುಳ್ಳುಗಳ ಸಾಲಿಗೆ ಸೇರಿಸಿ ನಿದ್ದೆ ಮಾಡಬಹುದಿತ್ತು. ಆದರೆ ಕೆಂಗೇರಿಯಿಂದ ಬಂದ ಯಶೋದಮ್ಮನ ಕಿವಿಗೆ ಬೀದಿಯ ಹೆಂಗಸರು ನಕ್ಷತ್ರದ ವಿಷಯ ಹಾಕಿದರು. ಧನಿಷ್ಠಾ ನಕ್ಷತ್ರದಲ್ಲಿ ಸಾವಾದರೆ ಪಂಚಕ ದೋಷ. ಆ ಮನೆಗೆ ಆರು ತಿಂಗಳು ಬೀಗ ಹಾಕಬೇಕು, ಇಲ್ಲದಿದ್ದರೆ ಅದೇ ಸೂರಿನ ಕೆಳಗೆ ಇನ್ನೊಂದು ಸಾವು. ಜೋಯಿಸರು ಫೋನಿನಲ್ಲಿ ಲೆಕ್ಕ ಹಾಕಿ ಹೇಳಿದ್ದು ಇಷ್ಟು: ಆ ದಿನ ಬೆಳಗ್ಗೆ ಶ್ರವಣ ಮುಗಿದು ಧನಿಷ್ಠೆ ಹುಟ್ಟಿದ್ದು ಸರಿಯಾಗಿ ನಿಮ್ಮ ಬೀದಿಗೆ ಕಸದ ಗಾಡಿ ಬರುವ ಹೊತ್ತಿಗೆ. ಪ್ರಾಣ ಅದಕ್ಕಿಂತ ಮುಂಚೆ ಹೋಗಿದ್ದರೆ ಏನೂ ಇಲ್ಲ, ಆಮೇಲೆ ಹೋಗಿದ್ದರೆ ಮನೆ ಖಾಲಿ. ಗೊತ್ತಿಲ್ಲ ಅಂದರೆ ಅಂತ ಯಶೋದಮ್ಮ ಕೇಳಿದ್ದರು. ಗೊತ್ತಿಲ್ಲದ್ದನ್ನು ದೋಷವೆಂದೇ ಹಿಡಿಯಬೇಕು ಎಂದಿದ್ದರು ಜೋಯಿಸರು.

ಗ್ರಹಣದ ದಿನ ಪಾರ್ಕಿನಲ್ಲಿ ಬಾಣಲೆ ಇಡಿಸಿ, ಸೂರ್ಯ ಮಸುಕಾಗುವ ಹೊತ್ತಿಗೆ ಸರಿಯಾಗಿ ಉಪ್ಪಿಟ್ಟು ತಿಂದು ಫೋಟೋ ತೆಗೆಸಿಕೊಂಡವರು ಕೆಂಚಪ್ಪ ಮೇಷ್ಟ್ರು. ಅದೇ ಗ್ರಹಣದಲ್ಲಿ ಅವರ ಮನೆಯ ಉಪ್ಪಿನಕಾಯಿ ಜಾಡಿಯ ಮೇಲೆ ದರ್ಭೆಯಿತ್ತೆಂಬುದನ್ನು ಅವರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ದಾಂಪತ್ಯವೆಂದರೆ ಇಂಥ ಗಡಿ ಒಪ್ಪಂದಗಳೇ ಎಂದು ಅವರು ಸಮಾಧಾನ ಹೇಳಿಕೊಂಡಿದ್ದರು. ಪಂಚಕದ ಮಾತು ಬಂದಾಗಲೂ ಮೊದಲ ದಿನ ಧೈರ್ಯವಾಗಿಯೇ ಬಾಯಿ ತೆರೆದಿದ್ದರು. ನಕ್ಷತ್ರ ಎಷ್ಟು ದೂರ, ಅದರ ಬೆಳಕು ಇಲ್ಲಿಗೆ ಬರುವುದಕ್ಕೆ ಎಷ್ಟು ವರ್ಷ, ಅದಕ್ಕೆ ಮೂಡಲಪಾಳ್ಯದ ಮಹಡಿ ಮನೆಯ ವಿಳಾಸ ಯಾರು ಕೊಟ್ಟರು ಎಂದು ಶುರು ಮಾಡಿದ್ದರು. ಯಶೋದಮ್ಮ ಜಗಳ ಮಾಡಲಿಲ್ಲ, ಅತ್ತರು. ಬರುವ ತಿಂಗಳು ರಮ್ಯ ಹೆರಿಗೆ, ಬಾಣಂತನಕ್ಕೆ ಈ ಮನೆಗೇ ಬರುತ್ತಾಳೆ. ಹಿಂದೆ ಒಂದು ಮಗು ಹೋಗಿದೆ. ಈ ಸಲವೂ ಏನಾದರೂ ಆದರೆ ನಿಮ್ಮ ವೇದಿಕೆಯವರು ಬಂದು ಭಾಷಣ ಮಾಡ್ತಾರಾ ಎಂದು ಕೇಳಿದರು. ಮೇಷ್ಟ್ರನ್ನು ಹೆದರಿಸಿದ್ದು ಹೆಂಡತಿಯ ಅಳುವಲ್ಲ. ಯಶೋದಮ್ಮ ಸ್ನಾನಕ್ಕೆ ಹೋದಾಗ ತಾವೇ ಗೋಡೆಯ ಕ್ಯಾಲೆಂಡರಿನ ಮುಂದೆ ಕನ್ನಡಕ ಹಾಕಿಕೊಂಡು ನಿಂತು ಶ್ರವಣ ಎಷ್ಟು ಹೊತ್ತಿನವರೆಗೆ ಎಂದು ಬೆರಳಿಟ್ಟು ಹುಡುಕಿದ್ದು. ತಮ್ಮೊಳಗೆ ಇಷ್ಟು ವರ್ಷ ಬಾಡಿಗೆ ಕೊಡದೆ ಕೂತಿದ್ದ ಒಬ್ಬ ಮುದುಕ ಆಗ ಎದ್ದು ಬಂದಂತಿತ್ತು.

ಹಾಗಾದರೆ ಮನೆ ಖಾಲಿ ಮಾಡಿ ಎಂದು ಅಮರೇಶನಿಗೆ ಹೇಳುವುದೇ. ಸುದ್ದಿ ಆಗಲೇ ಬೀದಿಯೆಲ್ಲ ಹಬ್ಬಿದೆ. ಪಂಚಕದ ಸಾವಿನ ಮನೆಯವರೆಂದು ಗೊತ್ತಾದರೆ ಸುತ್ತಮುತ್ತ ಯಾರೂ ಬಾಗಿಲು ತೆರೆಯುವುದಿಲ್ಲ. ಬೀದಿಯವರ ಮಾತು ಕೇಳಿ ನಿನ್ನೆ ಸಂಜೆಯೇ ಅನ್ನಪೂರ್ಣೇಶ್ವರಿ ನಗರದಲ್ಲಿ ಒಂದು ಮನೆ ಮಾತಾಡಿ ನೋಡಿದ್ದ ಭುವನೇಶ್ವರಿಗೆ ಅಲ್ಲಿಯ ಯಜಮಾನಿ, ಆರು ತಿಂಗಳು ಕಳೆದ ಮೇಲೆ ಬನ್ನಿ ಎಂದು ಗೇಟಿನಲ್ಲೇ ಹೇಳಿ ಕಳಿಸಿದ್ದಳಂತೆ. ಕೀರ್ತನಾಳ ಸ್ಕೂಲು ಇದೇ ಬೀದಿಯ ಕೊನೆಯಲ್ಲಿದೆ. ಮಗುವನ್ನು ಊರಿನಲ್ಲಿ ಬಿಡುವ ಯೋಚನೆ ಅವರು ಆಗಲೇ ಮಾಡಿದ್ದರು. ಮೇಷ್ಟ್ರು ಗಾಡಿಗಿಂತ ಮುಂಚೆ ಎಂಬ ಒಂದು ಮಾತು ಹೇಳಿದರೆ ಎಲ್ಲವೂ ನಿಲ್ಲುತ್ತದೆ. ಆದರೆ ಆ ಒಂದು ಮಾತಿಗೆ ಒಂದು ಬಾಲವಿತ್ತು. ಗಾಡಿ ಬಂದಾಗ ಬಕೆಟ್ಟು ಹಿಡಿದು ಚಿಪ್ಪಿನ ವಾದ ಮಾಡುತ್ತಿದ್ದ ಮೇಷ್ಟ್ರನ್ನು ಅರ್ಧ ಬೀದಿ ನೋಡಿತ್ತು. ಮುಂಚೆ ಎಂದರೆ, ಮೇಲೆ ಹೆಣ ಬಿಟ್ಟು ಕೆಳಗೆ ಕಸ ಕೊಡುವುದಕ್ಕೆ ಇಳಿದು ಬಂದ ಮನುಷ್ಯ ಎಂದರ್ಥ.

ಮನೆಯಲ್ಲಿ ಕೂರಲಾಗದೆ ಮೇಷ್ಟ್ರು ಹಾಲಿನ ನೆಪ ಮಾಡಿ ಹೊರಗೆ ಬಂದರು. ಬಸವಲಿಂಗಪ್ಪ ಗೇಟಿನಲ್ಲೇ ಸಿಕ್ಕರು, ಹಿಡಿದುಕೊಂಡರು. ಇವತ್ತು ಸಂಜೆ ಪಾರ್ಕಿನಲ್ಲಿ ವೇದಿಕೆಯ ತಿಂಗಳ ಉಪನ್ಯಾಸ, ಮೇಷ್ಟ್ರದೇ ಮಾತು, ವಿಷಯ: ಸಾರ್ವಜನಿಕ ಜೀವನದಲ್ಲಿ ನೇರ ನಡೆ ನುಡಿ. ಕುರ್ಚಿ ಹೇಳಿಯಾಗಿದೆ, ಮೈಕು ಬರುತ್ತದೆ, ಮಾತು ಮುಗಿದ ಮೇಲೆ ಮೇಷ್ಟ್ರಿಗೇ ಗೊತ್ತಾಗದ ಹಾಗೆ ಒಂದು ಶಾಲು ಕೂಡ ಇದೆ ಎಂದು ಬಸವಲಿಂಗಪ್ಪ ಮೇಷ್ಟ್ರಿಗೇ ಹೇಳಿಬಿಟ್ಟರು. ಶಾಲು ಯಾಕೆ ಎಂದರೆ, ಬಾಡಿಗೆಯವರ ಮುದುಕಿಗೆ ಕೊನೆಗಾಲದಲ್ಲಿ ನೀರು ಬಿಟ್ಟ ಮಾನವೀಯತೆಗೆ. ನನ್ನ ಹತ್ತಿರ ಮಾತಾಡುತ್ತಿದ್ದವರು ಏನೋ ಅನ್ನಿಸಿ ಓಡಿದಿರಲ್ಲ, ಅದನ್ನೇ ನಾನು ಸ್ವಾಗತ ಭಾಷಣದಲ್ಲಿ ಹೇಳುತ್ತೇನೆ ಎಂದರು. ಮೇಷ್ಟ್ರು ಅಂದು ಓಡಿರಲಿಲ್ಲ. ಗೆದ್ದವರ ಹಾಗೆ ನಿಧಾನವಾಗಿ ಮೆಟ್ಟಿಲು ಹತ್ತಿದ್ದರು. ಶಾಲು ಬೇಡ ಎಂದು ಹೇಳಬೇಕೆಂದುಕೊಂಡರು; ಯಾವ ಬಣ್ಣದ್ದಿರಬಹುದು ಎಂಬ ಯೋಚನೆ ಅದೇ ಹೊತ್ತಿಗೆ ಬಂದದ್ದಕ್ಕೆ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು. ಹಾಲು ತರುವುದನ್ನು ಮರೆತು ವಾಪಸು ಬಂದರು.

ಜೋಯಿಸರು ಹೇಳಿದ ಹೊತ್ತಿಗೇ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಸದ್ದಿಲ್ಲದೆ ಬಂದು ಹಜಾರದಲ್ಲಿ ಕೂತರು. ಬಹಳ ವರ್ಷಗಳ ಹಿಂದೆ ಮೇಷ್ಟ್ರ ಕೈಯಲ್ಲೇ ವಿಜ್ಞಾನ ಕಲಿತ ಹುಡುಗ ಅವರು. ಈಗಲೂ ಮೇಷ್ಟ್ರನ್ನು ಕಂಡರೆ ಕುರ್ಚಿಯ ಅಂಚಿನಲ್ಲೇ ಕೂರುತ್ತಾರೆ. ಪಂಚಾಂಗ ಮೊಬೈಲಿನಲ್ಲಿತ್ತು. ಯಶೋದಮ್ಮ ಮಹಡಿಗೆ ಹೇಳಿ ಕಳಿಸಿದ್ದರಿಂದ ಅಮರೇಶ ಕಂಪನಿಯ ಟೀ ಶರ್ಟಿನಲ್ಲೇ ಇಳಿದು ಬಂದು, ಕೂರಿ ಎಂದರೂ ಕೂರದೆ ಗೋಡೆಗೆ ಆನಿಕೊಂಡು ನಿಂತ. ಭುವನೇಶ್ವರಿ ಹೊಸಿಲಿನಾಚೆಯೇ ಉಳಿದಳು. ಎಲ್ಲರೂ ಒಬ್ಬರಾದ ಮೇಲೆ ಒಬ್ಬರು ಮೇಷ್ಟ್ರನ್ನೇ ನೋಡಿದರು. ಪರೀಕ್ಷೆಯಲ್ಲಿ ಹುಡುಗರಿಗೆ ಹೀಗೇ ಆಗುತ್ತಿತ್ತೇನೋ ಎಂದು ಅವರಿಗೆ ಮೊದಲ ಸಲ ಅನ್ನಿಸಿತು. ಇದೆಲ್ಲ ಅರ್ಥವಿಲ್ಲದ್ದು, ನಾನು ಉತ್ತರ ಹೇಳುವುದಿಲ್ಲ, ನೀವು ಏಳಿ ಎಂದು ಜೋಯಿಸರಿಗೆ ಹೇಳುವ ವಾಕ್ಯ ಗಂಟಲಿನವರೆಗೆ ಬಂದಿತ್ತು. ಪಾರ್ಕಿನಲ್ಲಾಗಿದ್ದರೆ ಚಪ್ಪಾಳೆ ಬೀಳುವ ವಾಕ್ಯ. ಇಲ್ಲಿ ಅದಕ್ಕೆ ಬೀಳುವುದು ಬೀಗವೇ. ಉತ್ತರ ಹೇಳದಿದ್ದರೆ ಅದೂ ಗೊತ್ತಿಲ್ಲ ಎಂದ ಹಾಗೆ, ಗೊತ್ತಿಲ್ಲದ್ದು ದೋಷ.

ಜೋಯಿಸರು ಮೆಲ್ಲಗೆ ಕೆಮ್ಮಿದರು. "ಸಾರ್, ಒಂದೇ ಪ್ರಶ್ನೆ. ಅಮ್ಮನೋರು ಹೋಗಿದ್ದು ಗಾಡಿಗಿಂತ ಮುಂಚೆನಾ, ಆಮೇಲಾ?"

"ಮುಂಚೆ," ಎಂದರು ಮೇಷ್ಟ್ರು.

ಯಶೋದಮ್ಮ ಅಷ್ಟಕ್ಕೆ ಬಿಡುವವರಲ್ಲ. ಗಾಡಿ ಹತ್ತಿರ ನೀವು ಬಸವಲಿಂಗಪ್ಪನವರ ಜೊತೆ ನಿಂತಿದ್ದಿರಂತಲ್ಲ, ಅವರ ಮನೆಯವರೇ ಹೇಳಿದರು ಎಂದರು. ಮೇಷ್ಟ್ರು ನೆಲ ನೋಡುತ್ತ ಹೌದೆಂದರು. ಆಮೇಲೆ, ಪಾಠ ಒಪ್ಪಿಸುವ ಸ್ವರದಲ್ಲಿ, ಒಂದೇ ಉಸಿರಿಗೆ ಹೇಳಿದರು: "ಪ್ರಾಣ ಹೋಗಿತ್ತು. ನಾನೇ ನೋಡ್ದೆ. ಅಷ್ಟೊತ್ತಿಗೆ ಗಾಡಿ ಬಂತು. ಕಸ ಕೊಟ್ಟು ಬಂದ್ಬಿಡೋಣ ಅಂತ ಇಳಿದೆ. ಮಾತಿಗೆ ನಿಂತ್ಕೊಂಡೆ."

ಜೋಯಿಸರು ಗುರುಗಳ ಮುಖ ನೋಡಲಾರದೆ ಮೊಬೈಲನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒತ್ತಿದರು. ಶ್ರವಣವೇ, ದೋಷವಿಲ್ಲ, ಮನೆಗೆ ಒಂದು ಸಲ ಪುಣ್ಯಾಹ ಮಾಡಿದರೆ ಸಾಕು ಎಂದರು. ಯಾರೂ ನೆಮ್ಮದಿಯ ಉಸಿರು ಬಿಟ್ಟಂತೆ ಕಾಣಲಿಲ್ಲ. ಅಮರೇಶ ಗೋಡೆ ಬಿಟ್ಟು ನೆಟ್ಟಗೆ ನಿಂತಿದ್ದ. ಮೇಷ್ಟ್ರು ಅವನ ಕಡೆ ನೋಡದೆ ಇರಲು ಬಹಳ ಪ್ರಯತ್ನಪಟ್ಟು, ಕೊನೆಗೆ ನೋಡಿದರು. ನಿನ್ನೆ ಕಾಲು ಮುಟ್ಟುವಾಗ ಇದ್ದ ಮುಖ ಅದಾಗಿರಲಿಲ್ಲ.

"ಒಂದು ಕೇಳ್ಲೇನ್ರಿ ಸರ," ಎಂದ ಅಮರೇಶ. "ಕಸ ಕೊಡಾಕ ಇಳಿಯೂ ಮುಂದ ಅವ್ವನ ಕಣ್ಣರ ಮುಚ್ಚಿದ್ರೇನ್ರಿ, ಇಲ್ಲಾ ಹಂಗ ಬಿಟ್ಟು ಹೋದ್ರಿ?"

"ಮುಚ್ಚಿದ್ದೆ ಕಣಪ್ಪ."

ಕಣ್ಣು ಮುಚ್ಚಿದ್ದಂತೂ ನಿಜ. ಯಾವಾಗ ಎಂಬುದೊಂದೇ ಸುಳ್ಳು. ಅಮರೇಶ ಛಲೋ ಆತು ಎಂದ. ಹೆಂಡತಿಗೆ ಮೇಲೆ ನಡೆ ಎಂದು ಹೇಳಿ ತಾನು ಬೈಕಿನ ಕಡೆ ಹೋದ. ಹೋಗುವಾಗ ದಿನವೂ ಬರ್ತೀನ್ರಿ ಸರ ಎನ್ನುತ್ತಿದ್ದವನು ಇವತ್ತು ಏನೂ ಹೇಳಲಿಲ್ಲ. ಅವನು ಬೈದಿದ್ದರೆ ಚೆನ್ನಾಗಿತ್ತು ಎಂದು ಮೇಷ್ಟ್ರಿಗೆ ಅನ್ನಿಸಿತು. ಓಡಿಹೋಗಿ ಅವನ ಬೈಕಿನ ಮುಂದೆ ನಿಂತು, ಇಲ್ಲ ಕಣೋ, ನಿಮ್ಮವ್ವ ಹಾಡು ಕೇಳಿ ನಗ್ತಾ ಇದ್ಲು, ನಾನು ಹೆಣ ಬಿಟ್ಟು ಹೋಗಲಿಲ್ಲ, ಜೀವ ಇದ್ದವಳನ್ನೇ ಬಿಟ್ಟು ಹೋದೆ ಎಂದು ಹೇಳಬೇಕೆನ್ನಿಸಿತು. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ಅಲ್ಲೇ ತೂಗಿ ನೋಡಲು ಹೊರಟ ತಮ್ಮ ಬುದ್ಧಿಯ ಬಗ್ಗೆ ಅವರಿಗೆ ನಗುವೂ ಬಂತು, ಅಳುವೂ ಬಂತು. ಬೈಕು ಅಷ್ಟರಲ್ಲಿ ತಿರುವು ದಾಟಿತ್ತು.

ಜೋಯಿಸರು ಹೋದ ಸ್ವಲ್ಪ ಹೊತ್ತಿಗೇ ಸುದ್ದಿ ರಸ್ತೆ ದಾಟಿ, ಬಸವಲಿಂಗಪ್ಪನವರ ಫೋನು ಬಂತು. ಎದುರು ಮನೆಯಿಂದ ಫೋನು ಮಾಡುವ ಅಗತ್ಯವಿರಲಿಲ್ಲ, ಆದರೆ ಕೆಲವು ಮಾತು ಮುಖ ನೋಡಿ ಆಡುವುದಕ್ಕಾಗುವುದಿಲ್ಲ. ಮೇಲೆ ಹೆಣ ಇಟ್ಕೊಂಡು ನನ್ ಹತ್ರ ಚಿಪ್ಪಿನ ವಿಚಾರ ಮಾತಾಡಿದ್ರಾ ಮೇಷ್ಟ್ರೇ ಎಂದು ಕೇಳಿದರು. ಅವರ ಸ್ವರದಲ್ಲಿ ಕೋಪಕ್ಕಿಂತ ಹೆಚ್ಚಾಗಿ ತಮಗೂ ಮೈಲಿಗೆಯಾಯಿತೇನೋ ಎಂಬ ಗಾಬರಿ ಇತ್ತು. ವಿಚಾರ ವೇದಿಕೆಯ ಕಾರ್ಯದರ್ಶಿ ಆ ದಿನ ಸ್ನಾನ ಮಾಡಿಯೇ ತಿಂಡಿ ತಿಂದಿದ್ದೆನೇ ಎಂದು ಲೆಕ್ಕ ಹಾಕುತ್ತಿದ್ದಂತಿತ್ತು. ಮೈಕಿನವನಿಗೆ ಏನೋ ಅಡಚಣೆಯಂತೆ, ಉಪನ್ಯಾಸವನ್ನು ಮುಂದೆ ಯಾವಾಗಲಾದರೂ ಇಟ್ಟುಕೊಳ್ಳೋಣ ಎಂದರು. ಮೇಷ್ಟ್ರು ಆಗಲಿ ಎಂದರು. ಶಾಲಿನ ಮಾತು ಇಬ್ಬರೂ ಎತ್ತಲಿಲ್ಲ.

ಯಶೋದಮ್ಮ ಕಾಫಿ ತಂದು ಮುಂದಿಟ್ಟರು. ಹಾಲಿರಲಿಲ್ಲವಾಗಿ ಎದುರು ಮನೆಯಿಂದ ಸಾಲ ತಂದ ಹಾಲಿನ ಕಾಫಿ. ತಾವೂ ಒಂದು ಲೋಟ ಹಿಡಿದು ಎದುರಿಗೆ ಕೂತರು, ಇದು ಅವರ ವಾಡಿಕೆಯಲ್ಲ. ಸ್ವಲ್ಪ ಹೊತ್ತು ಕಾಫಿ ಕುಡಿದು, ಹೊರಗೆ ನೋಡುತ್ತ, ಸುಳ್ಳು ಹೇಳಿದ್ರಿ ಎಂದರು. ಮೇಷ್ಟ್ರು ಬೆಚ್ಚಿದರು. ಹೆಣ ಇರೋ ಮನೆಯಿಂದ ಒಬ್ಬರೇ ಮೆಟ್ಟಿಲಿಳಿದು ಹೋಗಿ ಕಸ ಕೊಡುವಷ್ಟು ಎದೆಗಾರಿಕೆ ನಿಮಗಿಲ್ಲ, ನಮ್ಮತ್ತೆ ಹೋದಾಗ ವಾರದವರೆಗೆ ಬಚ್ಚಲಿಗೆ ಹೋಗಬೇಕಾದರೂ ನನ್ನನ್ನು ಎಬ್ಬಿಸುತ್ತಿದ್ದಿರಿ ಎಂದರು. ಅದು ಮೇಷ್ಟ್ರು ಮರೆತೇ ಹೋಗಿದ್ದ, ಅಥವಾ ವೇದಿಕೆಯ ಅಧ್ಯಕ್ಷರಾದ ಮೇಲೆ ಮರೆಯಲೇಬೇಕಾಗಿದ್ದ ಸಂಗತಿ. ಹಾಗಾದರೆ ಜೋಯಿಸರಿಗೆ ಫೋನ್ ಮಾಡಿ ಹೇಳಿಬಿಡು ಎಂದು ಸೋತ ದನಿಯಲ್ಲಿ ಹೇಳಿದರು.

ಯಶೋದಮ್ಮ ಬೇಡವೆಂದು ತಲೆಯಾಡಿಸಿದರು. ಜೋಯಿಸರು ಶ್ರವಣ ಎಂದಾಯಿತು, ಅವರ ಬಾಯಲ್ಲಿ ಬಂದದ್ದೇ ಲೆಕ್ಕ. ಮೇಲಿನವರೂ ಇರಲಿ, ಆ ಮಗು ಎಲ್ಲಿಗೆ ಹೋಗುತ್ತದೆ. ತಮಗೇನು ಆ ಹುಡುಗಿಯ ಮುಖ ನೋಡಿ ಬೀಗ ಹಾಕುವ ಆಸೆಯಿತ್ತೇ, ರಮ್ಯಳ ಹೆದರಿಕೆ, ಅಷ್ಟೇ. ಸುಳ್ಳಿನಿಂದ ಬರುವ ದೋಷ ಮನೆಗೆ ತಟ್ಟುವುದಿಲ್ಲ, ಸುಳ್ಳು ಹೇಳಿದವರಿಗೆ ಮಾತ್ರ ತಟ್ಟುತ್ತದೆ ಎಂದು, ತರಕಾರಿ ಅಂಗಡಿಯಲ್ಲಿ ಚೌಕಾಸಿ ಮುಗಿಸಿದವರ ನೆಮ್ಮದಿಯಲ್ಲಿ ಹೇಳಿ ಲೋಟ ಕೆಳಗಿಟ್ಟರು.

ಇದಕ್ಕೆ ಮೇಷ್ಟ್ರ ಹತ್ತಿರ ಉತ್ತರವಿತ್ತು. ದೋಷವೆಂಬುದೇ ಇಲ್ಲದ ಮೇಲೆ ಅದು ತಟ್ಟುವುದು ಯಾರಿಗೆ, ತಟ್ಟದಿರುವುದು ಯಾರಿಗೆ, ಅದೇನು ಕೊರಿಯರ್ರೇ, ವಿಳಾಸ ನೋಡಿಕೊಂಡು ಬರುವುದಕ್ಕೆ. ಈ ವಾದವನ್ನು ಅವರು ಎಷ್ಟು ಸಭೆಗಳಲ್ಲಿ ಮಂಡಿಸಿ ಗೆದ್ದಿದ್ದರು. ಈಗಲೂ ಬಾಯಿ ತೆರೆದರು. ಆದರೆ ಕಣ್ಣ ಮುಂದೆ ಬಂದದ್ದು ರಮ್ಯ. ಹಿಂದಿನ ಸಲ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದವಳು ಇದೇ ಹಜಾರದ ನೆಲದ ಮೇಲೆ, ಗೋಡೆಯ ಕಡೆ ತಿರುಗಿ, ಇಡೀ ಮಧ್ಯಾಹ್ನ ಮಲಗಿದ್ದಳು. ಆಗ ಅವಳ ತಲೆ ಸವರಬೇಕೆಂದು ಹೋಗಿ, ಏನು ಹೇಳಬೇಕೆಂದು ತಿಳಿಯದೆ, ಫ್ಯಾನಿನ ವೇಗ ಜಾಸ್ತಿ ಮಾಡಿ ವಾಪಸು ಬಂದಿದ್ದರು ಮೇಷ್ಟ್ರು.

"ಯಶೋದಾ," ಎಂದರು. ಲೋಟ ಎತ್ತಿಕೊಂಡು ಎದ್ದಿದ್ದ ಹೆಂಡತಿ ನಿಂತು ತಿರುಗಿದರು. "ಖಂಡಿತ ನನಗೇ ತಾನೇ ತಟ್ಟೋದು? ರಮ್ಯಂಗಲ್ಲ ತಾನೇ?"

ಯಶೋದಮ್ಮ ಗಂಡನ ಕಾಫಿಯನ್ನು ಅವರ ಕಡೆ ಸರಿಸಿದರು. ನಿಮಗೇ ಎಂದರು. ಮೇಷ್ಟ್ರು ಹಾಗಾದರೆ ಸರಿ ಎಂದು ಕಾಫಿ ಲೋಟಕ್ಕೆ ಕೈ ಹಾಕಿದರು.